ನೀಲದರ್ಪಣದ ಪಾದ್ರಿ

1861ರ ಜುಲೈ 24ರಂದು ಕಲ್ಕತ್ತೆಯ ಸುಪ್ರೀಂ ಕೋರ್ಟು ಜೇಮ್ಸ್ ಲಾಂಗ್ ಎಂಬ ಪಾದ್ರಿಗೆ ಒಂದು ತಿಂಗಳ ಸೆರೆವಾಸ ಮತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಬಂಗಾಳಿ ನಾಟಕವೊಂದರ ಇಂಗ್ಲಿಷ್ ಅನುವಾದವನ್ನು ಅಚ್ಚು ಹಾಕಿಸಿ ಹಂಚಿದರು ಎಂಬುದು ಅವರ ಮೇಲಿದ್ದ ಮಾನಹಾನಿಯ ಮೊಕದ್ದಮೆ. ನಾಟಕ ಬರೆದವರು ಬೇರೆ, ಅನುವಾದಿಸಿದವರು ಬೇರೆ. ಆದರೂ ಇಬ್ಬರ ಹೆಸರನ್ನೂ ಬಾಯಿಬಿಡದೆ ಲಾಂಗ್ ಹೊಣೆಯನ್ನೆಲ್ಲ ತಮ್ಮ ಮೇಲೆ ಹೊತ್ತುಕೊಂಡರು. ದಂಡದ ಹಣವನ್ನು ಕೂಡಲೇ ಕಟ್ಟಿದವರು ಕಾಳೀಪ್ರಸನ್ನ ಸಿಂಹ, ಮಹಾಭಾರತವನ್ನು ಬಂಗಾಳಿ ಗದ್ಯಕ್ಕೆ ತಂದ ಹಿಂದೂ ಜಮೀನ್ದಾರ. ಜೈಲುವಾಸವನ್ನು ಮಾತ್ರ ಬೇರೆಯವರು ಅನುಭವಿಸಲು ಬರುವುದಿಲ್ಲವಲ್ಲ, ಅದನ್ನು ಪಾದ್ರಿಯೇ ಅನುಭವಿಸಿದರು. ಮತಪ್ರಚಾರಕ್ಕೆಂದು ಬಂದವನಿಗೆ ರೈತರ ಸಾಲ, ಕರಾರು, ಬೆಳೆಗಳ ಗೊಡವೆ ಏಕೆ ಎಂದು ಅಂದಿನ ಇಂಗ್ಲಿಷ್ ಸಮಾಜ ಕೇಳಿತು. ಧರ್ಮ ಮತ್ತು ಸಾರ್ವಜನಿಕ ಬದುಕಿನ ನಂಟಿನ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಇವತ್ತಿಗೂ ಏಳುತ್ತದೆ. ಲಾಂಗ್ ಪಾದ್ರಿಯ ಕೆಲಸ ಬಿಟ್ಟು ರಾಜಕೀಯಕ್ಕೆ ಇಳಿದರು ಎಂಬುದು ಅವರ ವಿರೋಧಿಗಳ ವಾದ. ಪಾದ್ರಿಯ ಕೆಲಸವನ್ನು ಅದರ ತುದಿಯವರೆಗೆ ಮಾಡಿದ್ದಕ್ಕೇ ಅವರು ಜೈಲಿಗೆ ಹೋದರು ಎಂಬುದು ನನ್ನ ವಾದ. ಅದನ್ನು ತೋರಿಸಬೇಕಾದರೆ ಕಥೆಯನ್ನು ನೀಲಿಯ ಹೊಲದಿಂದಲೇ ಶುರುಮಾಡಬೇಕು.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯೂರೋಪಿನ ಬಟ್ಟೆ ಗಿರಣಿಗಳಿಗೆ ಬೇಕಾದ ನೀಲಿ ಬಣ್ಣದ ದೊಡ್ಡ ಪಾಲು ಬಂಗಾಳದಿಂದ ಹೋಗುತ್ತಿತ್ತು. ನದಿಯಾ, ಜೆಸೋರ್, ಪಬ್ನಾ, ಫರೀದಪುರ ಜಿಲ್ಲೆಗಳ ನದೀತೀರಗಳಲ್ಲಿ ಯೂರೋಪಿಯನ್ ಪ್ಲಾಂಟರುಗಳ ಕೋಠಿಗಳು, ಅಂದರೆ ನೀಲಿ ತಯಾರಿಸುವ ಕಾರ್ಖಾನೆಗಳು, ಎದ್ದಿದ್ದವು. ಕೊಯ್ದ ಗಿಡವನ್ನು ಕಟ್ಟುಕಟ್ಟಾಗಿ ತಂದು ಇಟ್ಟಿಗೆಯ ದೊಡ್ಡ ತೊಟ್ಟಿಗಳಲ್ಲಿ ನೆನೆಹಾಕುತ್ತಿದ್ದರು. ಹತ್ತಾರು ಗಂಟೆಯಲ್ಲಿ ಅದು ಹುಳಿತು ನೊರೆಗಟ್ಟಿದ ಮೇಲೆ ನೀರನ್ನು ಕೆಳಗಿನ ತೊಟ್ಟಿಗೆ ಬಿಡುತ್ತಿದ್ದರು. ಕೂಲಿಯಾಳುಗಳು ಆ ನಾರುವ ನೀರಿನಲ್ಲಿ ಸೊಂಟದವರೆಗೆ ಇಳಿದು, ಹುಟ್ಟಿನಂಥ ಕೋಲುಗಳಿಂದ ತಾಸುಗಟ್ಟಲೆ ಬಡಿಯುತ್ತಿದ್ದರು. ಹಸಿರು ನೀರು ಬಡಿತಕ್ಕೆ ಮೆಲ್ಲಗೆ ನೀಲಿಗೆ ತಿರುಗಿ, ತಳದಲ್ಲಿ ಗಸಿ ಕೂರುತ್ತಿತ್ತು. ಗಸಿಯನ್ನು ಕುದಿಸಿ, ಹಿಂಡಿ, ಬಿಲ್ಲೆಗಳಾಗಿ ಕೊಯ್ದು, ಕೋಠಿಯ ಮುದ್ರೆ ಒತ್ತಿ, ಒಣಗಿಸಿ ಪೆಟ್ಟಿಗೆಗೆ ತುಂಬಿದರೆ ಮಾಲು ಕಲ್ಕತ್ತೆಯ ಹರಾಜಿಗೆ ಸಿದ್ಧ. ಕೋಠಿಯೊಳಗಿನ ಈ ಕೆಲಸ ಕಷ್ಟದ್ದೇ ಆದರೂ ಅದಕ್ಕೆ ಕೂಲಿ ಇತ್ತು. ಕೋಠಿಯ ಹೊರಗೆ, ಹೊಲದಲ್ಲಿ, ಅನ್ಯಾಯ ನಡೆಯುತ್ತಿತ್ತು.

ಪ್ಲಾಂಟರು ತಾನೇ ನೆಲ ಉತ್ತು ಬಿತ್ತುವುದು ದುಬಾರಿಯ ಬಾಬತ್ತು. ಹಾಗಾಗಿ ಬಹುಪಾಲು ನೀಲಿಯನ್ನು ರೈತನ ಹೊಲದಲ್ಲಿ, ರೈತನ ಎತ್ತಿನಿಂದ, ರೈತನ ಬೆವರಿನಿಂದ ಬೆಳೆಸುತ್ತಿದ್ದರು. ಬಿಘಾಕ್ಕೆ ಎರಡು ರೂಪಾಯಿಯ ಆಸುಪಾಸಿನಲ್ಲಿ ಮುಂಗಡ ಕೊಟ್ಟು ಛಾಪಾಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ರೂಢಿ. ಎಷ್ಟೋ ಸಲ ಆ ಕಾಗದದಲ್ಲಿ ಒಂದಕ್ಷರವೂ ಇರುತ್ತಿರಲಿಲ್ಲ, ಬೇಕಾದ್ದನ್ನು ಕೋಠಿಯವರು ಆಮೇಲೆ ತುಂಬಿಕೊಳ್ಳುತ್ತಿದ್ದರು. ಹೊಲ ಅಳೆಯುವ ಅಳತೆಗೋಲು ಕೋಠಿಯದು, ಕಟ್ಟು ಎಣಿಸುವವನು ಕೋಠಿಯ ಗುಮಾಸ್ತ, ಬೆಲೆ ಕಟ್ಟುವವನೂ ಅವನೇ. ಬೀಜದ ಖರ್ಚು, ಸಾಗಣೆ, ಛಾಪಾಕಾಗದದ ಬೆಲೆ, ಗುಮಾಸ್ತರ ಮಾಮೂಲು ಎಲ್ಲ ಕಳೆದರೆ ರೈತನ ಹೆಸರಿನಲ್ಲಿ ಸಾಲವಷ್ಟೇ ಉಳಿಯುತ್ತಿತ್ತು. ಆ ಸಾಲ ಮರುವರ್ಷದ ಲೆಕ್ಕಕ್ಕೆ, ಅಪ್ಪನಿಂದ ಮಗನ ಲೆಕ್ಕಕ್ಕೆ ದಾಟುತ್ತಿತ್ತು. ನೀಲಿಗೆ ಬೇಕಾದದ್ದು ಭತ್ತ ಬೆಳೆಯುವ ಒಳ್ಳೆಯ ನೆಲವೇ. ಬಿತ್ತನೆಯ ಹದವೂ ಭತ್ತದ ಹದವೂ ಒಂದೇ ಕಾಲಕ್ಕೆ ಬರುವುದರಿಂದ ಕೋಠಿಯ ಹೊಲ ಮುಗಿಯುವ ತನಕ ಮನೆಯ ಅನ್ನದ ಹೊಲ ಕಾಯಬೇಕಿತ್ತು. ಒಲ್ಲೆ ಎಂದವನನ್ನು ಕೋಠಿಯ ಗೋದಾಮಿನಲ್ಲಿ ಕೂಡಿಹಾಕುತ್ತಿದ್ದರು, ಅವನ ದನ ಹಿಡಿದೊಯ್ಯುತ್ತಿದ್ದರು, ಲಾಠಿಯಾಳುಗಳನ್ನು ಬಿಟ್ಟು ಮನೆ ಕೆಡವಿಸುತ್ತಿದ್ದರು. ಹೊಡೆಯುವ ಚರ್ಮದ ಬಾರುಕೋಲಿಗೆ ಶ್ಯಾಮಚಾಂದ್ ಎಂಬ ಕೃಷ್ಣನ ಹೆಸರಿಟ್ಟಿದ್ದರು. ಜಿಲ್ಲೆಯ ಮ್ಯಾಜಿಸ್ಟ್ರೇಟರು ಸಂಜೆ ಊಟಕ್ಕೆ ಕೂರುತ್ತಿದ್ದುದು ಅದೇ ಪ್ಲಾಂಟರನ ಮೇಜಿನಲ್ಲಿ. ಯೂರೋಪಿಯನ್ ಪ್ರಜೆಯನ್ನು ಗಂಭೀರ ಅಪರಾಧಕ್ಕೆ ವಿಚಾರಿಸಬೇಕಾದರೆ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೇ ಹೋಗಬೇಕಿತ್ತು. ನದಿಯಾದ ರೈತನಿಗೆ ಅಲ್ಲಿಗೆ ಹೋಗಿ ಬರುವ ಶಕ್ತಿ ಎಲ್ಲಿಂದ ಬರಬೇಕು?

ಮಿಶನರಿಗಳು ಈ ಚಿತ್ರದೊಳಗೆ ಬಂದದ್ದು ಕೃಷ್ಣನಗರದ ಮೂಲಕ. 1838-39ರಲ್ಲಿ ನದಿಯಾ ಜಿಲ್ಲೆಯಲ್ಲಿ ಸಾವಿರಾರು ಮಂದಿ ಕ್ರೈಸ್ತರಾಗಲು ಮುಂದೆ ಬಂದರು. ಅವರಲ್ಲಿ ಹೆಚ್ಚಿನವರು ಬಡ ರೈತರು, ಕರ್ತಾಭಜಾ ಎಂಬ ಸ್ಥಳೀಯ ಪಂಥದವರೂ ಬಹಳ ಮಂದಿ ಇದ್ದರು. ಪ್ರವಾಹ ಬಂದು ಬೆಳೆ ಹೋದಾಗ ಮಿಶನ್ನು ಕೊಟ್ಟ ನೆರವೂ ಅದಕ್ಕೆ ಒಂದು ಕಾರಣ ಎಂದು ಅಂದಿನವರೇ ಒಪ್ಪಿದ್ದಾರೆ. ಇಂಗ್ಲೆಂಡಿನ ಚರ್ಚ್ ಮಿಶನರಿ ಸೊಸೈಟಿ ಅಲ್ಲಿಗೆ ಕಳಿಸಿದ ಪಾದ್ರಿಗಳಲ್ಲಿ ಅನೇಕರು ಜರ್ಮನರು: ಶುರ್, ಬೊಮ್‌ವೆಚ್, ಲಿಂಕೆ ಮುಂತಾದವರು. ಆ ಸೊಸೈಟಿ ತನ್ನ ಪಾದ್ರಿಗಳಲ್ಲಿ ಹಲವರನ್ನು ಬಾಸೆಲ್ಲಿನ ಮಿಶನ್ ಸೆಮಿನರಿಯಿಂದ ತೆಗೆದುಕೊಳ್ಳುತ್ತಿತ್ತು. ನಮ್ಮ ಮಂಗಳೂರು, ಧಾರವಾಡಗಳಿಗೆ ಮೋಗ್ಲಿಂಗ್ ಮತ್ತು ಕಿಟೆಲರನ್ನು ಕಳಿಸಿದ ಸಂಸ್ಥೆಯೂ ಅದೇ. ಹಳ್ಳಿಯಲ್ಲಿ ಮನೆ ಮಾಡಿ, ಜನರ ಭಾಷೆಯನ್ನು ಮನೆಮಾತಿನಂತೆ ಕಲಿತು, ಗಾದೆ ಒಗಟುಗಳವರೆಗೂ ಬರೆದಿಟ್ಟುಕೊಳ್ಳುವ ಶಿಸ್ತು ಅಲ್ಲೂ ಇತ್ತು, ಇಲ್ಲೂ ಇತ್ತು. ಹಳ್ಳಿಯಲ್ಲಿ ವಾಸ ಮಾಡಿದವನಿಗೆ ಹಳ್ಳಿಯ ಹಿಂಸೆ ಕಾಣದೆ ಇರುವುದಿಲ್ಲ. ತನ್ನ ಶಾಲೆಗೆ ಬರಬೇಕಾದ ಹುಡುಗ ನೀಲಿ ಹೊಲದಲ್ಲಿದ್ದಾನೆ, ಭಾನುವಾರ ಪ್ರಾರ್ಥನೆಗೆ ಬರಬೇಕಾದವನು ಕೋಠಿಯ ಗೋದಾಮಿನಲ್ಲಿದ್ದಾನೆ ಎಂದ ಮೇಲೆ ಪಾದ್ರಿ ಅದನ್ನು ಕಾಣದಂತೆ ಇರಬೇಕಾದರೆ ಬೇಕೆಂದೇ ಕಣ್ಣು ಮುಚ್ಚಿಕೊಳ್ಳಬೇಕು.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ, ಅದು ಹಗುರವಾದದ್ದೂ ಅಲ್ಲ. ಮಿಶನರಿಗಳಿಗೆ ರೈತನ ಹೊಟ್ಟೆಯ ಚಿಂತೆಗಿಂತ ತಮ್ಮ ಸಭೆಯ ಚಿಂತೆ ದೊಡ್ಡದಾಗಿತ್ತು, ನೀಲಿ ಪದ್ಧತಿ ಮತಾಂತರಕ್ಕೆ ಅಡ್ಡಬಂತೆಂದೇ ಅವರು ಅದನ್ನು ವಿರೋಧಿಸಿದರು ಎನ್ನುತ್ತಾರೆ. ದಾಖಲೆಗಳಲ್ಲಿ ಇದಕ್ಕೆ ಆಧಾರವಿದೆ. 1855ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳದ ಪ್ರೊಟೆಸ್ಟೆಂಟ್ ಮಿಶನರಿಗಳ ಸಮ್ಮೇಳನ ನಡೆದಾಗ ಶುರ್ ಓದಿದ ಪ್ರಬಂಧದ ವಿಷಯವೇ ನೀಲಿ ಬೇಸಾಯ ಕ್ರೈಸ್ತಧರ್ಮದ ಪ್ರಸಾರದ ಮೇಲೆ ಮಾಡುವ ಪರಿಣಾಮ. ಆದರೆ ಆಕ್ಷೇಪ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಸಭೆ ಬೆಳೆಸುವುದೊಂದೇ ಗುರಿಯಾಗಿದ್ದರೆ ಪ್ಲಾಂಟರುಗಳೊಡನೆ ರಾಜಿಯಾಗುವುದು ಬಹಳ ಸುಲಭವಿತ್ತು. ಪ್ಲಾಂಟರುಗಳೂ ಕ್ರೈಸ್ತರೇ, ಮಿಶನ್ ಶಾಲೆಗಳಿಗೆ ಚಂದಾ ಕೊಡುವವರೂ ಅವರಲ್ಲಿದ್ದರು. ಕ್ರೈಸ್ತ ರೈತರಿಗಷ್ಟೇ ವಿನಾಯಿತಿ ಕೊಡಿಸಿಕೊಂಡು ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡದೆ ಇಡೀ ಗ್ರಾಮೀಣ ಬಂಗಾಳದ ಸ್ಥಿತಿಯ ಬಗ್ಗೆ ವಿಚಾರಣಾ ಆಯೋಗ ಬೇಕೆಂದು ಸರ್ಕಾರಕ್ಕೆ ಮನವಿ ಬರೆದರು. ಅದರಲ್ಲಿ ಜಮೀನ್ದಾರರ ಸುಲಿಗೆ, ಪೊಲೀಸರ ಲಂಚಗಳ ದೂರೂ ಇತ್ತು. ನೊಂದವರಲ್ಲಿ ಬಹುಪಾಲು ಮುಸ್ಲಿಮರು ಮತ್ತು ಹಿಂದೂಗಳು, ಆ ಮನವಿಗಳು ಅವರೆಲ್ಲರ ಪರವಾಗಿಯೇ ಇದ್ದವು. ಸ್ವಾರ್ಥದಿಂದ ಹೊರಟ ದಾರಿಯಲ್ಲಿ ಅವರು ಸ್ವಾರ್ಥಕ್ಕೆ ಬೇಕಾದಷ್ಟಕ್ಕಿಂತ ಬಹಳ ದೂರ ನಡೆದುಬಿಟ್ಟರು, ಮತ್ತು ಆ ನಡಿಗೆಯಲ್ಲಿ ತಮ್ಮವರದೇ ದ್ವೇಷ ಕಟ್ಟಿಕೊಂಡರು.

1859ರ ಬಂಡಾಯವನ್ನು ಯಾವ ಪಾದ್ರಿಯೂ ಹುಟ್ಟಿಸಲಿಲ್ಲ. ಜರ್ಮನ್ ಪಾದ್ರಿಗಳೇ ರೈತರ ಕಿವಿಯೂದಿದರು ಎಂದು ಪ್ಲಾಂಟರುಗಳು ಪತ್ರಿಕೆಗಳಲ್ಲಿ ಕೂಗೆಬ್ಬಿಸಿದ್ದು ನಿಜ. ರೈತ ತಾನಾಗಿ ಯೋಚಿಸಬಲ್ಲ ಎಂಬುದು ಅವರಿಗೆ ನಂಬಲಾಗದ ಮಾತಾಗಿತ್ತು. ಬಾರಾಸತ್‌ನ ಮ್ಯಾಜಿಸ್ಟ್ರೇಟ್ ಆಶ್ಲಿ ಈಡನ್, ತನ್ನ ನೆಲದಲ್ಲಿ ಏನು ಬಿತ್ತಬೇಕೆಂಬುದು ರೈತನ ಇಚ್ಛೆಗೆ ಬಿಟ್ಟದ್ದೆಂದು ಅದೇ ವರ್ಷ ಪ್ರಕಟಣೆ ಹೊರಡಿಸಿದ. ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ನದಿಯಾದಲ್ಲಿ ದಿಗಂಬರ ಬಿಸ್ವಾಸ್, ಬಿಷ್ಣುಚರಣ ಬಿಸ್ವಾಸ್ ಎಂಬ ಇಬ್ಬರು, ಹಿಂದೆ ಕೋಠಿಯಲ್ಲೇ ಕೆಲಸ ಮಾಡಿ ಒಳಗುಟ್ಟೆಲ್ಲ ಬಲ್ಲವರು, ರೈತರನ್ನು ಒಟ್ಟುಗೂಡಿಸಿದರು. ಪ್ಲಾಂಟರು ಕಳಿಸಿದ ಲಾಠಿಯಾಳುಗಳನ್ನು ಹಳ್ಳಿಯವರು ಬಡಿದಟ್ಟಿದರು, ಹೆಂಗಸರೂ ಕೈಗೆ ಸಿಕ್ಕಿದ ಪಾತ್ರೆ ಪಡಗ ಹಿಡಿದು ಜಗಳಕ್ಕೆ ನಿಂತರು. ಕೋಠಿಯ ನೌಕರರಿಗೆ ಊರಿನವರು ಬಹಿಷ್ಕಾರ ಹಾಕಿದರು. ನೀಲಿ ಬಿತ್ತುವುದಿಲ್ಲ ಎಂಬ ಒಂದೇ ಮಾತು 1860ರ ವಸಂತದ ಹೊತ್ತಿಗೆ ಕೆಳಬಂಗಾಳದ ಜಿಲ್ಲೆಗಳಲ್ಲೆಲ್ಲ ಕೇಳಿಬಂತು. 1857ರ ದಂಗೆಯ ಗಾಯ ಇನ್ನೂ ಹಸಿಯಾಗಿದ್ದ ಸರ್ಕಾರ ಗಾಬರಿಬಿದ್ದು, ನೀಲಿ ಕರಾರು ಮುರಿಯುವುದನ್ನು ಶಿಕ್ಷಾರ್ಹ ಅಪರಾಧವಾಗಿಸುವ ತಾತ್ಕಾಲಿಕ ಕಾಯ್ದೆ ತಂದಿತು. ಅದರಡಿ ನೂರಾರು ರೈತರು ಜೈಲು ಸೇರಿದರು. ಜೊತೆಗೇ ವಿಚಾರಣಾ ಆಯೋಗವೂ ನೇಮಕವಾಯಿತು.

ಆ ಆಯೋಗದಲ್ಲಿ ಐದು ಮಂದಿ ಇದ್ದರು. ಬಂಗಾಳ ಸರ್ಕಾರದ ಸೀಟನ್-ಕಾರ್ ಅಧ್ಯಕ್ಷ, ರಿಚರ್ಡ್ ಟೆಂಪಲ್ ಇನ್ನೊಬ್ಬ ಅಧಿಕಾರಿ. ಪ್ಲಾಂಟರುಗಳ ಪರ ಫರ್ಗುಸನ್, ಭೂಮಾಲೀಕರ ಸಂಘದ ಪರ ಚಂದ್ರಮೋಹನ ಚಟರ್ಜಿ, ಮಿಶನರಿಗಳ ಪರ ಸೇಲ್ ಎಂಬ ಪಾದ್ರಿ. ರೈತರ ಸ್ಥಾನಕ್ಕೆ ರೈತನನ್ನು ಕೂರಿಸುವ ಯೋಚನೆ ಯಾರಿಗೂ ಬರಲಿಲ್ಲ, ಪಾದ್ರಿಯೇ ಅವರ ಪರ ಎಂದು ಭಾವಿಸಲಾಯಿತು. ಆದರೆ ಆಯೋಗದ ಮುಂದೆ ಸಾಕ್ಷಿ ನುಡಿದ 134 ಮಂದಿಯಲ್ಲಿ 77 ಮಂದಿ ರೈತರು. ಉಳಿದಂತೆ 21 ಪ್ಲಾಂಟರುಗಳು, 15 ಅಧಿಕಾರಿಗಳು, 13 ಜಮೀನ್ದಾರರು, 8 ಮಿಶನರಿಗಳು. ಬಂಗಾಳದ ಬಡ ರೈತ ಸರ್ಕಾರಿ ದಾಖಲೆಯೊಳಗೆ ತನ್ನ ಮಾತಿನಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡದ್ದು ಅಪರೂಪದ ಸಂಗತಿ. ಭಿಕ್ಷೆ ಬೇಡಿಯೇನು, ನೀಲಿ ಬಿತ್ತೆನು ಎಂಬ ಧಾಟಿಯ ಉತ್ತರಗಳು ಆ ಕಡತಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇಡೀ ಪದ್ಧತಿಯ ಬುಡವೇ ಕೆಟ್ಟಿದೆ, ರೈತನಿಗೆ ಇದರಲ್ಲಿ ಲಾಭವಿಲ್ಲ, ಬಲವಂತವಿಲ್ಲದೆ ಇದು ನಡೆಯುವುದೇ ಇಲ್ಲ ಎಂಬುದು ಆಯೋಗದ ತೀರ್ಮಾನ. ಅದೇ ಮಳೆಗಾಲದಲ್ಲಿ ಲೆಫ್ಟಿನೆಂಟ್ ಗವರ್ನರ್ ಜಾನ್ ಪೀಟರ್ ಗ್ರಾಂಟ್ ಕುಮಾರ ಮತ್ತು ಕಾಳಿಗಂಗಾ ನದಿಗಳಲ್ಲಿ ದೋಣಿಯ ಮೇಲೆ ಹೋಗುವಾಗ ಅರವತ್ತು ಎಪ್ಪತ್ತು ಮೈಲಿಯುದ್ದಕ್ಕೂ ಎರಡೂ ದಡದಲ್ಲಿ ಜನ ಕಿಕ್ಕಿರಿದು ನ್ಯಾಯ ಕೇಳಿದರು. ಹಳ್ಳಿಯ ಹೆಂಗಸರು ಬೇರೆಯೇ ಗುಂಪಾಗಿ ನಿಂತಿದ್ದರು. ಬೆಳಗಿನಿಂದ ಇರುಳಿನವರೆಗೆ ಹದಿನಾಲ್ಕು ತಾಸು ಅವರ ನಡುವೆಯೇ ಸಾಗಿದ ಗ್ರಾಂಟ್, ಇದು ಬರಿಯ ವ್ಯಾಪಾರದ ತಕರಾರಲ್ಲ ಎಂದು ಟಿಪ್ಪಣಿ ಬರೆದ.

ಅದೇ 1860ರಲ್ಲಿ ಢಾಕಾದಿಂದ ಲೇಖಕನ ಹೆಸರಿಲ್ಲದೆ ಒಂದು ಬಂಗಾಳಿ ನಾಟಕ ಹೊರಬಂತು: ನೀಲದರ್ಪಣ. ಬರೆದ ದೀನಬಂಧು ಮಿತ್ರ ಅಂಚೆ ಇಲಾಖೆಯ ನೌಕರರು, ಕೆಲಸದ ಮೇಲೆ ನೀಲಿ ಜಿಲ್ಲೆಗಳನ್ನೆಲ್ಲ ಸುತ್ತಿದವರು. ಗೋಲೋಕ ಬಸುವಿನ ತುಂಬಿದ ಕುಟುಂಬವನ್ನು ಪ್ಲಾಂಟರುಗಳು ಹೇಗೆ ನೆಲಸಮ ಮಾಡಿದರೆಂಬುದು ಕಥೆ. ಅಪ್ಪ ಜೈಲಿನಲ್ಲಿ ನೇಣು ಹಾಕಿಕೊಳ್ಳುತ್ತಾನೆ, ಹಿರಿಯ ಮಗ ಪೆಟ್ಟು ತಿಂದು ಸಾಯುತ್ತಾನೆ, ತಾಯಿಗೆ ಬುದ್ಧಿಭ್ರಮಣೆಯಾಗುತ್ತದೆ. ಕ್ಷೇತ್ರಮಣಿ ಎಂಬ ಬಸುರಿ ರೈತ ಹೆಣ್ಣುಮಗಳ ಮೇಲೆ ಪ್ಲಾಂಟರು ಕೈಮಾಡುವ ದೃಶ್ಯವೂ, ತೋರಾಪ್ ಎಂಬ ಮುಸ್ಲಿಂ ರೈತ ನುಗ್ಗಿ ಅವಳನ್ನು ಬಿಡಿಸುವ ದೃಶ್ಯವೂ ಇದೆ. ಇಂಗ್ಲಿಷ್ ಪತ್ರಿಕೆಗಳ ಇಬ್ಬರು ಸಂಪಾದಕರು ಹಣದಾಸೆಗೆ ಪ್ಲಾಂಟರುಗಳನ್ನು ಹೊಗಳುತ್ತಾರೆಂದು ಮುನ್ನುಡಿಯಲ್ಲಿ ದೂರಿದ ದೀನಬಂಧು, ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಯೂದನ ಹೋಲಿಕೆ ಕೊಟ್ಟರು. ಕ್ರೈಸ್ತರ ಕಥೆಯನ್ನು ಕ್ರೈಸ್ತರ ಎದುರಿಗೇ ಹಿಡಿದವನು ಹಿಂದೂ ನಾಟಕಕಾರ ಎಂಬುದನ್ನು ನಾನು ಈ ಇಡೀ ಪ್ರಸಂಗದ ಅತ್ಯಂತ ಹರಿತವಾದ ಕ್ಷಣವೆಂದು ತಿಳಿಯುತ್ತೇನೆ. ಲಾಂಗರಿಗೆ ಆ ಹೋಲಿಕೆ ನಾಟದೆ ಇದ್ದೀತೇ?

ಜೇಮ್ಸ್ ಲಾಂಗ್ ಹುಟ್ಟಿದ್ದು 1814ರಲ್ಲಿ, ಐರ್ಲೆಂಡಿನ ಕಾರ್ಕ್ ಪ್ರಾಂತದಲ್ಲಿ. 1840ರಲ್ಲಿ ಕಲ್ಕತ್ತೆಗೆ ಬಂದು ಆಮ್‌ಹರ್ಸ್ಟ್ ಬೀದಿಯ ಶಾಲೆ ನಡೆಸಿದರು, ನಗರದ ದಕ್ಷಿಣಕ್ಕಿದ್ದ ಠಾಕುರಪುಕುರದಲ್ಲಿ ಹಳ್ಳಿಗರ ನಡುವೆ ನೆಲೆಸಿದರು. ಬಂಗಾಳಿ ಗಾದೆಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದರು. 1855ರಲ್ಲಿ ಸುಮಾರು 1,400 ಬಂಗಾಳಿ ಪುಸ್ತಕಗಳ ವಿವರಣಾತ್ಮಕ ಸೂಚಿ ಪ್ರಕಟಿಸಿದರು. ಆಳುವವರ ಕಣ್ಣಿಗೆ ಪೇಟೆಯ ಅಗ್ಗದ ಸರಕಾಗಿದ್ದ ಪಂಚಾಂಗ, ಪುರಾಣ, ಪ್ರಹಸನಗಳನ್ನೂ ಅವರು ಓದಿ, ದಾಖಲಿಸಿ, ಇದು ಜನರ ಮನಸ್ಸು ಎಂದರು. 1857 ಅವರ ಈ ನಂಬಿಕೆಯನ್ನು ಗಟ್ಟಿ ಮಾಡಿತು. ದೇಶಭಾಷೆಯ ಪತ್ರಿಕೆಗಳನ್ನು ಸರ್ಕಾರ ಓದಿದ್ದರೆ ಬರುತ್ತಿದ್ದ ಬಿರುಗಾಳಿ ಮೊದಲೇ ತಿಳಿಯುತ್ತಿತ್ತು ಎಂಬುದು ಅವರ ವಾದ. ನೀಲದರ್ಪಣವನ್ನು ಅವರು ಸೀಟನ್-ಕಾರ್ ಅವರ ಗಮನಕ್ಕೆ ತಂದದ್ದೂ ಈ ಹಿನ್ನೆಲೆಯಲ್ಲೇ. ವಿಷಯ ಗ್ರಾಂಟರ ಕಿವಿಗೂ ಬಿದ್ದು ಇಂಗ್ಲಿಷ್ ಅನುವಾದಕ್ಕೆ ಒಪ್ಪಿಗೆ ಸಿಕ್ಕಿತು. ಲಾಂಗರ ಮೇಲ್ವಿಚಾರಣೆಯಲ್ಲಿ, ಸ್ಥಳೀಯನೊಬ್ಬ ಅನುವಾದಿಸಿದ್ದೆಂಬ ಒಕ್ಕಣೆಯೊಂದಿಗೆ, 500 ಪ್ರತಿ ಅಚ್ಚಾದವು. ಆ ಸ್ಥಳೀಯ ಕವಿ ಮೈಕೆಲ್ ಮಧುಸೂದನ ದತ್ತ ಎಂಬುದು ಬಂಕಿಮಚಂದ್ರರ ಬರಹದಿಂದ ಬಂದ ಮಾತು. ಅನುವಾದದ ಇಂಗ್ಲಿಷ್ ಅಷ್ಟು ದೊಡ್ಡ ಕವಿಯದಿರಲಾರದು ಎಂದು ನಂತರದ ವಿದ್ವಾಂಸರು ಕೆಲವರು ತಕರಾರು ತೆಗೆದಿದ್ದಾರೆ. ಇನ್ನೂರರಷ್ಟು ಪ್ರತಿಗಳು ಸರ್ಕಾರಿ ಮುದ್ರೆಯ ಲಕೋಟೆಗಳಲ್ಲಿ ಹೊರಟವು, ಅನೇಕ ಪ್ರತಿಗಳು ಇಂಗ್ಲೆಂಡಿಗೂ ಹೋದವು. ಪ್ಲಾಂಟರುಗಳು ಕೆರಳಿದರು. ಲೆಫ್ಟಿನೆಂಟ್ ಗವರ್ನರನ ಮೇಲೆ ಮೊಕದ್ದಮೆ ಹೂಡುವಂತಿರಲಿಲ್ಲ. ಮುದ್ರಕ ಮ್ಯಾನುಯೆಲ್‌ನನ್ನು ಹಿಡಿದರು. ಲಾಂಗರ ಅನುಮತಿ ಪಡೆದೇ ಆತ ಅವರ ಹೆಸರು ಹೇಳಿ ಹತ್ತು ರೂಪಾಯಿ ದಂಡ ಕಟ್ಟಿ ಪಾರಾದ. ಉಳಿದವರು ಪಾದ್ರಿ.

ವಿಚಾರಣೆ ಜುಲೈ 19ರಂದು ಶುರುವಾಯಿತು. ನ್ಯಾಯಪೀಠದಲ್ಲಿ ಮಾರ್ಡಂಟ್ ವೆಲ್ಸ್, ಬಂಗಾಳಿಗಳ ನಡತೆಯನ್ನು ಪೀಠದಿಂದಲೇ ಹೀಯಾಳಿಸುವುದಕ್ಕೆ ಹೆಸರಾದವರು. ಜ್ಯೂರಿಯಲ್ಲಿ ಯೂರೋಪಿಯನ್ನರದೇ ಮೇಲುಗೈ. ಇಂಗ್ಲಿಷ್‌ಮನ್ ಪತ್ರಿಕೆಯ ಸಂಪಾದಕನ ಮಾನಹಾನಿ ಒಂದು ಆರೋಪ, ಪ್ಲಾಂಟರುಗಳ ಸಮುದಾಯದ ಮಾನಹಾನಿ ಇನ್ನೊಂದು. ಪ್ಲಾಂಟರನ ಹೆಂಡತಿ ಮ್ಯಾಜಿಸ್ಟ್ರೇಟರ ಜೊತೆ ಓಡಾಡುವ ಬಗ್ಗೆ ನಾಟಕದಲ್ಲಿ ಹಳ್ಳಿ ಹೆಂಗಸರು ಆಡುವ ಒಂದೆರಡು ಮಾತು ಬರುತ್ತದೆ. ಇಂಗ್ಲಿಷ್ ಮಹಿಳೆಯರ ಶೀಲಕ್ಕೆ ಮಸಿ ಬಳಿಯಲಾಗಿದೆ ಎಂದು ವೆಲ್ಸ್ ಜ್ಯೂರಿಯ ಮುಂದೆ ಉರಿದುಬಿದ್ದರು. ಕ್ಷೇತ್ರಮಣಿಯ ಮೇಲಿನ ಹಲ್ಲೆಯಂಥದು ನದಿಯಾದಲ್ಲಿ ನಿಜವಾಗಿ ನಡೆದಿತ್ತೇ ಎಂದು ಕೇಳುವುದು ಆ ನ್ಯಾಯಾಲಯದ ಕೆಲಸವಾಗಲಿಲ್ಲ. ಜ್ಯೂರಿ ತಪ್ಪಿತಸ್ಥನೆಂದಿತು. ಶಿಕ್ಷೆಗೆ ಮುನ್ನ ಲಾಂಗ್ ಒಂದು ಹೇಳಿಕೆ ಓದಿದರು. ಇಷ್ಟು ವರ್ಷ ಜನರ ಭಾಷೆಯ ಬರಹಗಳನ್ನು ಆಳುವವರಿಗೆ ತಿಳಿಸುವುದು ತನ್ನ ವಾಡಿಕೆಯ ಕೆಲಸ, ಈ ನಾಟಕವೂ ಅದರ ಮುಂದುವರಿಕೆ, ಜನರ ನೋವು ಕಿವಿಗೆ ಬೀಳದೆ ಹೋದರೆ ಇನ್ನೊಂದು ದಂಗೆ ಬಂದೀತು, ಶಾಂತಿಯ ಸುವಾರ್ತೆ ಸಾರುವವನಾಗಿ ತಾನು ಸುಮ್ಮನಿರಲಾರೆ ಎಂಬುದು ಅದರ ತಿರುಳು. ಕ್ಷಮೆ ಕೇಳಲಿಲ್ಲ.

ಈ ಹೇಳಿಕೆಯಿಂದಲೇ ಎರಡನೆಯ ಆಕ್ಷೇಪ ಹುಟ್ಟುತ್ತದೆ. ಲಾಂಗ್ ಸಾಮ್ರಾಜ್ಯದ ವಿರೋಧಿಯಲ್ಲ, ಅದರ ಹಿತಚಿಂತಕ, ರೈತನ ಕೂಗನ್ನು ಅವರು ತಲುಪಿಸಿದ್ದು ರಾಜ್ಯ ಉಳಿಯಲಿ ಎಂದು. ಇತಿಹಾಸಕಾರ ರಣಜಿತ್ ಗುಹಾ 1974ರ ಪ್ರಸಿದ್ಧ ಪ್ರಬಂಧದಲ್ಲಿ ನೀಲದರ್ಪಣ ನಾಟಕವನ್ನೇ ಈ ನೆಲೆಯಲ್ಲಿ ಕಟುವಾಗಿ ವಿಮರ್ಶಿಸಿದರು. ಅವರ ಪ್ರಕಾರ ಅದು ರೈತ ಬಂಡಾಯವನ್ನು ಉದಾರವಾದಿ ಮಧ್ಯಮವರ್ಗದ ಕನ್ನಡಿಯಲ್ಲಿ ಕಂಡ ಚಿತ್ರ. ಒಳ್ಳೆಯ ಸಾಹೇಬ ಕೆಟ್ಟ ಸಾಹೇಬನನ್ನು ತಿದ್ದುತ್ತಾನೆಂಬ ಭರವಸೆ ಅದರ ಜೀವಾಳ. ನಿಜವಾದ ರೈತ ಅದಾಗಲೇ ಲಾಠಿ ಹಿಡಿದು ನಿಂತಿದ್ದ. ಇದಕ್ಕಿಂತ ಹಿಂದಿನ ಬ್ಲೇರ್ ಕ್ಲಿಂಗ್ ಅವರ ಅಧ್ಯಯನ ಮತ್ತು ಮುಂದಿನ ಜೆಫ್ರಿ ಆಡಿಯವರ ಲಾಂಗ್ ಜೀವನಚರಿತ್ರೆ ಮಿಶನರಿಗಳ ಪಾತ್ರಕ್ಕೆ ಹೆಚ್ಚು ತೂಕ ಕೊಡುತ್ತವೆ. ಗುಹಾ ಹೇಳಿದ್ದರಲ್ಲಿ ಬಹುಪಾಲನ್ನು ನಾನು ಒಪ್ಪುತ್ತೇನೆ. ಬಂಡಾಯ ರೈತರದು, ಗೆಲುವೂ ರೈತರದು. ಇನ್ನೂ ಕಹಿಯಾದ ಸಂಗತಿಯೊಂದನ್ನು ಸೇರಿಸಬೇಕು. ಲಾಂಗ್ ಅಕ್ಕರೆಯಿಂದ ಕಟ್ಟಿದ ಪುಸ್ತಕಸೂಚಿಗಳ ಮಾದರಿಯನ್ನೇ ಸರ್ಕಾರ ಮುಂದೆ ತನ್ನದಾಗಿಸಿಕೊಂಡಿತು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ನಂತರ ಪ್ರತಿ ಪುಸ್ತಕವೂ ಸರ್ಕಾರಿ ಪಟ್ಟಿಗೆ ಸೇರಿತು. ಕೇಳಿಸಿಕೊಳ್ಳಿ ಎಂದು ಪಾದ್ರಿ ತೆರೆದ ಕಿಟಕಿ ಹೊಂಚುವುದಕ್ಕೂ ಒದಗಿತು.

ಆದರೂ ಈ ಆಕ್ಷೇಪ ಲಾಂಗರ ಕೃತ್ಯದ ಬೆಲೆಯನ್ನು ಅಳಿಸುವುದಿಲ್ಲ ಎನ್ನುವುದಕ್ಕೆ ಕಾರಣವಿದೆ. ಅವರು ರೈತರ ನಾಯಕನಾಗಲು ಹೊರಟಿರಲಿಲ್ಲ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ, ಯಾರು ಕೇಳಬೇಕೋ ಅವರ ಮುಂದೆ ಇಡುವುದು ಅವರು ಒಪ್ಪಿಕೊಂಡ ಕೆಲಸ. ಆ ಕೆಲಸಕ್ಕೆ ಬೇಕಾದ ಸಿದ್ಧತೆ ಇಪ್ಪತ್ತು ವರ್ಷಗಳ ಪಾದ್ರಿತನದಲ್ಲೇ ಆಗಿತ್ತು. ಬೈಬಲ್ಲಿನ ಮಾತನ್ನು ರೈತನಿಗೆ ಮುಟ್ಟಿಸಬೇಕಾದರೆ ಮೊದಲು ರೈತನ ಮಾತು ತನಗೆ ಮುಟ್ಟಬೇಕು ಎಂದು ನಂಬಿ ಕಲಿತ ಭಾಷೆ ಅದು. ಕಲಿತ ಮೇಲೆ ರೈತ ಹೇಳಿದ್ದೇನು ಎಂಬುದಕ್ಕೆ ಅವರು ಉತ್ತರ ಕೊಡಲೇಬೇಕಾಯಿತು. ಸುವಾರ್ತೆ ಬೋಧಿಸು, ಸಾಲದ ಲೆಕ್ಕ ಮುಟ್ಟಬೇಡ ಎಂದು ಪ್ಲಾಂಟರು ಹೇಳುವಾಗ ಧರ್ಮವನ್ನು ಭಾನುವಾರಕ್ಕೆ ಕಟ್ಟಿಹಾಕುತ್ತಿದ್ದ. ಹಾಗೆ ಕಟ್ಟಿಹಾಕಿದ ಧರ್ಮದಿಂದ ಯಾರಿಗೆ ಲಾಭ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇನ್ನು ಸಾಮ್ರಾಜ್ಯನಿಷ್ಠೆಯ ಮಾತು. ನಿಷ್ಠೆ ಇದ್ದವನಿಗೆ ಸತ್ಯ ಹೇಳುವುದು ಸುಲಭ ಎಂದು ಭಾವಿಸಬಾರದು. ತನ್ನ ಜನ, ತನ್ನ ಕ್ಲಬ್ಬು, ತನ್ನ ಪತ್ರಿಕೆ, ತನ್ನ ಚರ್ಚಿನ ಮುಂದಿನ ಸಾಲಿನಲ್ಲಿ ಕೂರುವವರು, ಇವರೆಲ್ಲರ ಎದುರಿಗೆ ಪರಕೀಯರ ಪರ ನಿಲ್ಲುವವನು ತೆರಬೇಕಾದ ಬೆಲೆ ಹೊರಗಿನ ವೈರಿ ತೆರುವುದಕ್ಕಿಂತ ಬೇರೆ ಬಗೆಯದು.

ಆ ಬೆಲೆಯನ್ನು ಬಂಗಾಳ ಗುರುತಿಸಿತು. ರೈತರಿಗಾಗಿ ಹಿಂದೂ ಪೇಟ್ರಿಯಟ್ ಪತ್ರಿಕೆಯಲ್ಲಿ ಹಗಲಿರುಳು ಬರೆದ ಹರೀಶಚಂದ್ರ ಮುಖರ್ಜಿ ಅದೇ ವರ್ಷದ ಜೂನ್‌ನಲ್ಲಿ, ನಲವತ್ತು ದಾಟುವ ಮುನ್ನವೇ ತೀರಿಕೊಂಡಿದ್ದರು. ಅವರ ಅಕಾಲ ಮರಣವನ್ನೂ ಲಾಂಗರ ಸೆರೆವಾಸವನ್ನೂ ಒಟ್ಟಿಗೆ ಹೊಸೆದ ಹಾಡು ಬಂಗಾಳದ ಜನರ ಬಾಯಲ್ಲಿ ಬಹುಕಾಲ ಉಳಿಯಿತು. ಆಗಸ್ಟ್‌ನಲ್ಲಿ ಸಂಪ್ರದಾಯಸ್ಥ ಹಿಂದೂ ಸಮಾಜದ ಮುಖಂಡ ರಾಧಾಕಾಂತ ದೇವ್ ಅವರ ಮನೆಯಂಗಳದಲ್ಲಿ ಸಭೆ ಸೇರಿ ವೆಲ್ಸ್ ವಿರುದ್ಧ ಮನವಿ ಸಿದ್ಧವಾಯಿತು, ಸಾವಿರಾರು ಜನ ಸಹಿ ಹಾಕಿದರು. ಸತಿ ಪದ್ಧತಿ ಉಳಿಯಬೇಕೆಂದು ಒಂದು ಕಾಲಕ್ಕೆ ಮಿಶನರಿಗಳ ವಿರುದ್ಧ ನಿಂತವರು ಇದೇ ರಾಧಾಕಾಂತ ದೇವ್. ಸೀಟನ್-ಕಾರ್ ಕಾರ್ಯದರ್ಶಿ ಹುದ್ದೆ ಬಿಡಬೇಕಾಯಿತು, ಗ್ರಾಂಟರಿಗೂ ಮೇಲಿನವರಿಂದ ಛೀಮಾರಿ ಸಿಕ್ಕಿತು. ಲಾಂಗ್ ಮಾತ್ರ ಬಿಡುಗಡೆಯಾಗಿ ತಮ್ಮ ಶಾಲೆಗೆ, ಗಾದೆಗಳಿಗೆ ಮರಳಿದರು. 1872ರವರೆಗೆ ಬಂಗಾಳದಲ್ಲಿದ್ದು, 1887ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಅವರು ದೇಶ ಬಿಟ್ಟ ವರ್ಷವೇ, ಡಿಸೆಂಬರ್ 7ರಂದು, ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಟಿಕೆಟ್ಟು ಮಾರಿ ಆಡಿದ ಮೊದಲ ನಾಟಕ ನೀಲದರ್ಪಣ. 1876ರ ನಾಟಕ ಪ್ರದರ್ಶನ ಕಾಯ್ದೆಯ ಹಿಂದಿನ ಭಯಗಳಲ್ಲಿ ಈ ನಾಟಕದ್ದೂ ಒಂದು.

ಹೊಲದಲ್ಲಿ ಏನಾಯಿತು? ಕೆಳಬಂಗಾಳದಲ್ಲಿ ಬಲವಂತದ ನೀಲಿ ಮತ್ತೆ ತಲೆಯೆತ್ತಲಿಲ್ಲ. ಪ್ಲಾಂಟರುಗಳು ಗೇಣಿ ಏರಿಸುವ ಹಾದಿ ಹಿಡಿದರು. ಜೇಮ್ಸ್ ಹಿಲ್ಸ್ ಎಂಬ ದೊಡ್ಡ ಪ್ಲಾಂಟರು 1862ರಲ್ಲಿ ಈಶ್ವರ ಘೋಷ್ ಎಂಬ ರೈತನ ವಿರುದ್ಧ ಗೇಣಿ ಮೊಕದ್ದಮೆ ಗೆದ್ದ. 1865ರಲ್ಲಿ ಹೈಕೋರ್ಟಿನ ಪೂರ್ಣಪೀಠ ಮಹಾಗೇಣಿ ಮೊಕದ್ದಮೆ ಎಂದು ಹೆಸರಾದ ಪ್ರಕರಣದಲ್ಲಿ ಆ ತೀರ್ಪಿನ ತತ್ವವನ್ನು ತಿರುಗಿಸಿ ಹಾಕಿತು. ರೈತನಿಗೆ ನೆಲದ ಮೇಲೆ ಹಳೆಯ ಹಕ್ಕಿದೆ, ಅವನು ಬರಿಯ ಕೂಲಿಯಲ್ಲ ಎಂಬ ಆ ವಾದ 1885ರ ಬಂಗಾಳ ಗೇಣಿ ಕಾಯ್ದೆಯವರೆಗೆ ಬೆಳೆಯಿತು. ನೀಲಿ ಮಾತ್ರ ಸಾಯಲಿಲ್ಲ, ಬಿಹಾರಕ್ಕೆ ವಲಸೆ ಹೋಯಿತು. ಚಂಪಾರಣದ ರೈತ ಬಿಘಾದ ಇಪ್ಪತ್ತು ಕಠ್ಠಾಗಳಲ್ಲಿ ಮೂರರಲ್ಲಿ ನೀಲಿ ಬೆಳೆಯಲೇಬೇಕೆಂಬ ತೀನ್‌ಕಠಿಯಾ ಪದ್ಧತಿ ಅಲ್ಲಿ ಬೇರೂರಿತು. ಮಿಶನರಿಗಳ ಮನವಿಗಳು ಬಂಗಾಳದ ಗಡಿ ದಾಟಿ ಅದನ್ನು ಬೆನ್ನಟ್ಟಲಿಲ್ಲ. ಇದು ಅವರ ಇತಿಹಾಸದ ದೊಡ್ಡ ಕೊರತೆ, ಇದಕ್ಕೆ ಸಮರ್ಥನೆ ಹುಡುಕುವುದು ಬೇಡ.

1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಬಂದಾಗ ಕ್ರೈಸ್ತರು ಮತ್ತೆ ಆ ಚಿತ್ರದಲ್ಲಿದ್ದರು. ಮೋತಿಹಾರಿಯ ಮಿಶನರಿ ಹಾಡ್ಜ್ ಗಾಂಧೀಜಿಯ ಕೆಲಸವನ್ನು ಸಹಾನುಭೂತಿಯಿಂದ ಕಂಡವರು. ಸಿ.ಎಫ್. ಆಂಡ್ರೂಸ್ ಗಾಂಧೀಜಿಯನ್ನು ನೋಡಲು ಅಲ್ಲಿಗೆ ಬಂದರು. ಫಿಜಿಯ ಕೂಲಿಗಳ ಪರವಾದ ಕೆಲಸಕ್ಕೆ ಹೊರಟಿದ್ದ ಅವರನ್ನು ಅಲ್ಲೇ ಉಳಿಸಿಕೊಳ್ಳಬೇಕೆಂದು ರಾಜೇಂದ್ರ ಪ್ರಸಾದ್ ಮೊದಲಾದ ಬಿಹಾರಿ ವಕೀಲರು ಗಾಂಧೀಜಿಯನ್ನು ಕೇಳಿಕೊಂಡರು. ಸರ್ಕಾರಕ್ಕೂ ಪ್ಲಾಂಟರುಗಳಿಗೂ ಎದುರಾಗಿ ನಿಲ್ಲುವಾಗ ಒಬ್ಬ ಇಂಗ್ಲಿಷ್ ಪಾದ್ರಿ ಪಕ್ಕದಲ್ಲಿದ್ದರೆ ಧೈರ್ಯ ಎಂಬುದು ಅವರ ಲೆಕ್ಕ. ಗಾಂಧೀಜಿ ಒಪ್ಪಲಿಲ್ಲ. ಆಂಡ್ರೂಸ್ ಬೇಕೆನ್ನುವುದು ಅವರ ಬಿಳಿಯ ಚರ್ಮದ ಆಸರೆಗಾಗಿ, ನ್ಯಾಯ ನಮ್ಮ ಕಡೆ ಇರುವಾಗ ಆ ಆಸರೆ ಬೇಡುವುದು ದುರ್ಬಲತೆ ಎಂದರು. ಆಂಡ್ರೂಸ್ ಅದನ್ನು ಒಪ್ಪಿ ಮರುದಿನವೇ ಹೊರಟರು. ಚಂಪಾರಣದ ರೈತರು ಸಾಲುಗಟ್ಟಿ ಬಂದು ಸಾವಿರಾರು ಹೇಳಿಕೆಗಳನ್ನು ಬರೆಸಿದರು. ಬರೆದುಕೊಂಡವರು ತಮ್ಮದೇ ನಾಡಿನ ವಕೀಲರು, ಹೇಳಿಕೆಯ ಕೆಳಗಿದ್ದದ್ದು ರೈತನದೇ ಹೆಸರು. ತೀನ್‌ಕಠಿಯಾವನ್ನು 1918ರ ಕಾಯ್ದೆ ರದ್ದುಮಾಡಿತು.